ಸಿಡ್ನಿಯ ಮೂಸುವ ಸಾಹೇಬರಿಗೊಂದು ಬಹಿರಂಗ ಪತ್ರ

ಸಿಡ್ನಿ ವಿಮಾನ ನಿಲ್ದಾಣದಲ್ಲಿ ಡ್ಯೂಟಿ ಮೇಲಿರುವ ಲ್ಯಾಬ್ರಡಾರ್ ಸಾಹೇಬರಿಗೆ,

ಬೆಂಗಳೂರಿನ ಪ್ರವಾಸಿಗನೊಬ್ಬನ ಸಾಷ್ಟಾಂಗ ನಮಸ್ಕಾರಗಳು. ಇತ್ತ ಎಲ್ಲ ಕ್ಷೇಮ. ತಮಗೆ ನೆಗಡಿಯಾಗಿದೆ ಎಂಬ ಸುದ್ದಿಗಾಗಿ ಮಾತ್ರ ಅನೇಕರು ಇಲ್ಲಿ ಕಾಯುತ್ತಿದ್ದಾರೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಿಂದ ನಿಮ್ಮೂರಿಗೆ ನೇರ ವಿಮಾನ ಶುರುವಾಯಿತಲ್ಲ, ಅಂದಿನಿಂದ ನಮ್ಮ ಹುಳಿಪುಡಿಯ ಘಮಲು ಸಿಂಗಪುರದಲ್ಲಿ ಇಳಿದು ಹತ್ತುವ ಕಷ್ಟವೂ ಇಲ್ಲದೆ ತಮ್ಮ ಸನ್ನಿಧಿಗೆ ಬಂದು ತಲುಪುತ್ತಿದೆ.

ಇಮಿಗ್ರೇಶನ್ ಕೌಂಟರಿನ ಬಗ್ಗೆ ನನ್ನ ತಕರಾರಿಲ್ಲ. ಯಾಕೆ ಬಂದಿರಿ, ಎಲ್ಲಿ ಇಳಿಯುತ್ತೀರಿ, ಯಾವಾಗ ಹೊರಡುತ್ತೀರಿ? ಮದುವೆ ಮನೆಯಲ್ಲಿ ದೂರದ ನೆಂಟರು ಇದಕ್ಕಿಂತ ಹೆಚ್ಚು ಕೇಳುತ್ತಾರೆ. ನಿಜವಾದ ಪರೀಕ್ಷೆ ಶುರುವಾಗುವುದು ಆಕಾಶದಲ್ಲೇ, ಒಂದು ಕಾರ್ಡು ಕೈಗೆ ಬಂದಾಗ. ಮಾಂಸ, ಮೀನು, ಮೊಟ್ಟೆ, ಹಾಲಿನ ಪದಾರ್ಥ, ಹಣ್ಣು, ತರಕಾರಿ ತಂದಿದ್ದೀರಾ? ಧಾನ್ಯ, ಬೀಜ, ಗಿಡಮೂಲಿಕೆ, ಮರದ ಸಾಮಾನು? ಕಳೆದ 30 ದಿನಗಳಲ್ಲಿ ಹೊಲ, ದನಕರು, ಕಾಡು, ಹೊಳೆ, ಕೆರೆಗಳ ಸಂಪರ್ಕಕ್ಕೆ ಬಂದಿದ್ದೀರಾ? ಹಾಸನದ ಕಡೆಯ ಹಿರಿಯರು ಇಲ್ಲಿಗೆ ಬರುವಷ್ಟರಲ್ಲಿ ಪೆನ್ನು ಕೆಳಗಿಡುತ್ತಾರೆ. ಹೊರಡುವ ದಿನ ಬೆಳಿಗ್ಗೆಯೂ ಕೊಟ್ಟಿಗೆಗೆ ಹೋಗಿ ಹಸುವಿನ ಮೈ ಸವರಿ ಬಂದವರು ಪಾಪ ಏನು ಬರೆಯಬೇಕು?

ಆಗ ನೆರವಿಗೆ ಬರುವವರು ಪಕ್ಕದ ಸೀಟಿನ ಅನುಭವಸ್ಥರು. "ಎಲ್ಲಾದಕ್ಕೂ ಇಲ್ಲ ಅಂತ ಟಿಕ್ ಮಾಡಿ ಸಾರ್, ಏನೂ ಆಗಲ್ಲ." ಈ 'ಏನೂ ಆಗಲ್ಲ' ನಮ್ಮ ನಾಡಿನ ಮಹಾಮಂತ್ರ. ಒನ್ ವೇಯಲ್ಲಿ ಎದುರಿನಿಂದ ಗಾಡಿ ನುಗ್ಗಿಸುವಾಗ, ರಾಜಕಾಲುವೆಯ ಮೇಲೆ ಮನೆ ಕಟ್ಟುವಾಗ ಇದನ್ನೇ ಜಪಿಸುತ್ತೇವೆ. ಆದರೆ ಅಲ್ಲಿ ತಾವಿರುವುದಿಲ್ಲ.

ತಮ್ಮ ಕಾರ್ಯವೈಖರಿಗೆ ನಾನು ಮಾರುಹೋಗಿದ್ದೇನೆ. ಬೊಗಳುವುದಿಲ್ಲ, ಗುರ್ ಎನ್ನುವುದಿಲ್ಲ. ಸಾಲಿನುದ್ದಕ್ಕೂ ಮೂಸುತ್ತ ಬಂದು, ಬೇಕಾದ ಚೀಲ ಸಿಕ್ಕರೆ ಅದರ ಪಕ್ಕ ಸುಮ್ಮನೆ ಕೂತುಬಿಡುತ್ತೀರಿ. ಬಹುಮಾನವಾಗಿ ಹ್ಯಾಂಡ್ಲರ್ ಕೈಯಿಂದ ಒಂದು ತುಣುಕು ತಿನಿಸು, ಅದೂ ಕೆಲಸ ಮುಗಿದ ಮೇಲೆ! ನಮ್ಮ ಕಚೇರಿಗಳಲ್ಲಿ ಮೊದಲೇ ಕೊಡಬೇಕು, ಆಮೇಲೂ ಫೈಲು ಎದ್ದೇಳುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅಕ್ಕಿ, ತೊಗರಿಬೇಳೆ, ಕೊತ್ತಂಬರಿ ಬೀಜ, ಜೀರಿಗೆ, ಒಣಮೆಣಸಿನಕಾಯಿ, ಇವನ್ನು ಪ್ರಯಾಣಿಕರು ಹೊತ್ತು ತರುವಂತಿಲ್ಲ ಎಂದು ತಮ್ಮ ಸರ್ಕಾರದ ಅಪ್ಪಣೆ. ಅಲ್ಲಾ ಸಾಹೇಬರೇ, ಇಷ್ಟನ್ನು ಬಿಟ್ಟರೆ ನಮ್ಮ ಅಡುಗೆಮನೆಯಲ್ಲಿ ಉಳಿಯುವುದು ಒಲೆ ಮಾತ್ರ. ಕಾರಣ ವಿಚಾರಿಸಿದೆ: ಖಾಪ್ರಾ ಎಂಬ ಕಾಳು ಕೊರೆಯುವ ಹುಳ. ಮೂರು ಮಿಲಿಮೀಟರ್ ಕೂಡ ಇಲ್ಲ, ತವರು ನಮ್ಮ ಉಪಖಂಡವೇ. ಅದರ ಮರಿಹುಳಗಳು ಏನೂ ತಿನ್ನದೆ ವರ್ಷಗಟ್ಟಲೆ ಬಿರುಕಿನೊಳಗೆ ಬದುಕಿರಬಲ್ಲವಂತೆ. ನಮ್ಮ ಎಂಜಿನಿಯರುಗಳು ಪಾಯಿಂಟ್ ಲೆಕ್ಕ ಹಾಕುತ್ತ ವೀಸಾಕ್ಕೆ ಕಾಯುತ್ತಿರಲು, ಈ ಹುಳ ಮಾತ್ರ ಅರ್ಜಿಯೇ ಹಾಕದೆ ಕಾಯಂ ವಾಸದ ಪಿ.ಆರ್. ಪಡೆಯಲು ಹೊರಟಿದೆ. ಕರಿಬೇವಿಗೂ ಪ್ರವೇಶವಿಲ್ಲ, ಕಿತ್ತಳೆ, ನಿಂಬೆ ತೋಟಗಳನ್ನು ಹಾಳುಗೆಡಹುವ ರೋಗವನ್ನು ಹೊತ್ತು ತಿರುಗುವ ಕೀಟ ಅದರ ಮೇಲೂ ಕೂರುತ್ತದೆ. ಹಾಲಿನಿಂದ ಮಾಡುವ ಧಾರವಾಡ ಪೇಡೆಯ ಗತಿಯೂ ಅಷ್ಟೆ. ನಿಮ್ಮ ದೇಶ 1872ರಿಂದ ಕಾಲುಬಾಯಿ ಜ್ವರವನ್ನೇ ಕಂಡಿಲ್ಲ, ನಮ್ಮ ದನಗಳಿಗೆ ಅದು ಹೊಸದಲ್ಲ.

ಇಷ್ಟು ಮಡಿ ಮಾಡುವ ದೇಶದ ಹಳೆಯ ಕಡತವನ್ನೂ ಸ್ವಲ್ಪ ತಿರುವಿ ಹಾಕಿದೆ, ಕ್ಷಮಿಸಿ. 1859ರಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನುದಾರ ಬೇಟೆಯ ಮೋಜಿಗೆಂದು ಇಂಗ್ಲೆಂಡಿನಿಂದ ಎರಡು ಡಜನ್ ಮೊಲ ತರಿಸಿ ವಿಕ್ಟೋರಿಯಾದಲ್ಲಿ ಬಿಟ್ಟ. ಅವು ಖಂಡವನ್ನೇ ಮೇಯತೊಡಗಿದ ಮೇಲೆ ಪಶ್ಚಿಮ ಆಸ್ಟ್ರೇಲಿಯಾದವರು ಸಾವಿರದ ಎಂಟುನೂರು ಕಿಲೋಮೀಟರಿಗೂ ಉದ್ದದ ಬೇಲಿ ಹಾಕಿದರು. ಬೇಲಿ ಮುಗಿಯುವುದರೊಳಗೆ ಮೊಲಗಳು ಆಚೆ ಹೋಗಿದ್ದವು. 1935ರಲ್ಲಿ ಕಬ್ಬಿನ ಗದ್ದೆಯ ಜೀರುಂಡೆ ತಿನ್ನಲೆಂದು ಹವಾಯಿಯಿಂದ ಕಪ್ಪೆಗಳನ್ನು ಕರೆತಂದರು. ಕಪ್ಪೆಗಳು ಜೀರುಂಡೆಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ತಿಂದವು. ಇವರಲ್ಲಿ ಯಾರ ಕೈಗಾದರೂ ಆ ಕಾರ್ಡು ಕೊಟ್ಟಿದ್ದರೇ? ತಮ್ಮ ಇಲಾಖೆ ಮೂಸಲು ಶುರುಮಾಡಿದ್ದೇ 1992ರಲ್ಲಿ. ಮೊಲ, ಕಪ್ಪೆ ಬಂದಾಗ ತೆರೆದಿದ್ದ ಬಾಗಿಲು ನಮ್ಮ ಜೀರಿಗೆ ಬರುವ ಹೊತ್ತಿಗೆ ಮುಚ್ಚಿತು.

ಆದರೂ ತಾವು ಪಕ್ಷಪಾತಿಗಳಲ್ಲ ಎನ್ನಲೇಬೇಕು. 2015ರಲ್ಲಿ ಹಾಲಿವುಡ್ ನಟ ಜಾನಿ ಡೆಪ್‌ನ ಖಾಸಗಿ ವಿಮಾನದಲ್ಲಿ ಪಿಸ್ಟಲ್, ಬೂ ಎಂಬ ಎರಡು ಪುಟ್ಟ ನಾಯಿಗಳು ಹೇಳದೆ ಕೇಳದೆ ಬಂದಿಳಿದಾಗ ಕೃಷಿ ಸಚಿವ ಬಾರ್ನಬಿ ಜಾಯ್ಸ್ ಕೊಟ್ಟ ಗಡುವು 50 ಗಂಟೆ: ವಾಪಸು ಕಳಿಸಿ, ಇಲ್ಲವೇ ಕೊಲ್ಲಿಸುತ್ತೇವೆ. ಸ್ವಜಾತಿಯವರೆಂದು ತಾವೂ ಶಿಫಾರಸು ಮಾಡಲಿಲ್ಲ. 2019ರಲ್ಲಿ ವಿಯೆಟ್ನಾಮಿನ ಪ್ರವಾಸಿ ಮಹಿಳೆಯೊಬ್ಬರು ನಾಲ್ಕು ಕಿಲೋಗೂ ಹೆಚ್ಚು ಹಂದಿಮಾಂಸ ಮುಚ್ಚಿಟ್ಟು ತಂದಾಗ ತಮ್ಮ ನಿಲ್ದಾಣದಲ್ಲೇ ವೀಸಾ ರದ್ದು ಮಾಡಿ ಬಂದ ದಾರಿಯಲ್ಲೇ ಕಳಿಸಿದರು. ಮೂರು ವರ್ಷ ಮತ್ತೆ ಬರುವಂತಿರಲಿಲ್ಲ. ನೋಡಲು ಬಂದದ್ದು ಒಪೆರಾ ಹೌಸ್ ಆದರೂ ನೋಡಿದ್ದು ಲಗೇಜು ಬೆಲ್ಟು ಮಾತ್ರ ಎಂದಾಯಿತು.

ನಮ್ಮವರಿಗೆ ಯಾರೂ ಸರಿಯಾಗಿ ಹೇಳದ ಸಂಗತಿ ಒಂದಿದೆ. ತರುವುದಕ್ಕೆ ದಂಡವಿಲ್ಲ, ಮುಚ್ಚಿಡುವುದಕ್ಕೆ ಮಾತ್ರ. ಕಾರ್ಡಿನಲ್ಲಿ 'ಹೌದು' ಎಂದು ಬರೆದು ಡಬ್ಬಿ ತೆರೆದು ತೋರಿಸಿದರೆ ಅಧಿಕಾರಿ ನೋಡಿ ಬಿಡಬಹುದು, ಇಲ್ಲವೇ ಕಸಕ್ಕೆ ಹಾಕಬಹುದು, ಕಾಸು ಕೇಳುವುದಿಲ್ಲ. 'ಇಲ್ಲ' ಎಂದು ಬರೆದು ಸಿಕ್ಕಿಬಿದ್ದರೆ ಸಾವಿರಾರು ಡಾಲರು ದಂಡ ಬೀಳಬಹುದು. ಅಷ್ಟು ಹಣಕ್ಕೆ ಹುಳಿಪುಡಿಯ ಕಾರ್ಖಾನೆಯನ್ನೇ ತೆರೆಯಬಹುದು.

ತಮ್ಮ ಮೂಗಿನ ವಿಧೇಯ,
ಬೆಂಗಳೂರಿನ ಪ್ರವಾಸಿಗ

ವಿ.ಸೂ.: ಈ ಪತ್ರವನ್ನು ನಡುವೆ ತಡೆದು ಓದುತ್ತಿರುವ ಕನ್ನಡಿಗರಿಗೆ: ಸಿಡ್ನಿಯ ಅಂಗಡಿಗಳಲ್ಲಿ ತೊಗರಿಬೇಳೆ ಸಿಗುತ್ತದೆ. ಕಾರ್ಡಿನಲ್ಲಿ ಎಲ್ಲೆಲ್ಲಿ ಅನುಮಾನವೋ ಅಲ್ಲೆಲ್ಲ 'ಹೌದು' ಎನ್ನಿ.