ಶ್ರೀಸಾಮಾನ್ಯ ಚಿಟ್ಟೆಯೊಡನೆ

ಇಂಗ್ಲೆಂಡಿನ ವಾಯವ್ಯ ತೀರದಲ್ಲಿ, ಲಿವರ್‌ಪೂಲಿನ ಉತ್ತರಕ್ಕೆ ಹಬ್ಬಿರುವ ಏನ್ಸ್‌ಡೇಲ್ ಮರಳುದಿಬ್ಬಗಳಿಗೆ ಬರುವ ಪ್ರಕೃತಿಪ್ರಿಯರು, ನ್ಯಾಟರ್‌ಜಾಕ್ ಎಂಬ ನೆಲಗಪ್ಪೆಯ ದರ್ಶನವನ್ನೋ ಮರಳುಹಲ್ಲಿಯ ದರ್ಶನವನ್ನೋ ಪಡೆದು ಕೃತಾರ್ಥರಾಗಿ ಹಿಂದಿರುಗುವರಲ್ಲದೆ, ತಮ್ಮ ಪಾದದ ಬಳಿಯ ಹುಲ್ಲಿನಿಂದ ಮೇಲೆದ್ದು ಮತ್ತೆ ಹುಲ್ಲಿನಲ್ಲಿಯೇ ಲೀನವಾಗುವ ಮೆಡೋ ಬ್ರೌನ್ ಚಿಟ್ಟೆಯ ಕಡೆಗೆ ದೃಷ್ಟಿಯನ್ನೂ ಹೊರಳಿಸುವುದಿಲ್ಲ. ಉಪೇಕ್ಷಿತರ ಅಹವಾಲನ್ನು ಆಲಿಸುವುದು ಪತ್ರಿಕಾಧರ್ಮವಾದುದರಿಂದ, ಜುಲೈ ತಿಂಗಳ ಒಂದು ಅಪರಾಹ್ಣ ಈ ಭೇಟಿ.

ಪ್ರಶ್ನೆ: ಮಹನೀಯರೇ, ತಮ್ಮ ಪರಿಚಯ?

ಚಿಟ್ಟೆ: ಮಹನೀಯೆ ಎನ್ನಿ. ಮುಂದಿನ ರೆಕ್ಕೆಯ ಮೇಲೆ ಇಷ್ಟು ವಿಶಾಲವಾದ ಕಿತ್ತಳೆಯ ಮಚ್ಚೆಯನ್ನು ಧರಿಸುವವಳು ಹೆಣ್ಣು. ನಮ್ಮ ಯಜಮಾನರದು ಬಹುಮಟ್ಟಿಗೆ ಬರಿಯ ಕಂದು. ಈ ಭ್ರಾಂತಿ ನಿಮಗೊಬ್ಬರಿಗೇ ಆದುದಲ್ಲ. ಸಮಸ್ತ ಜೀವರಾಶಿಗೆ ನಾಮಕರಣ ಮಾಡಹೊರಟ ಲಿನೇಯಸ್ ಮಹಾಶಯನೇ 1758ರಲ್ಲಿ, ಒಂದೇ ಗ್ರಂಥದೊಳಗೆ, ನನ್ನನ್ನು ಜರ್ಟಿನಾ ಎಂದೂ ನನ್ನ ಪತಿಯನ್ನು ಜನೈರಾ ಎಂದೂ ಕರೆದು ಬೇರೆ ಬೇರೆ ಜಾತಿಗಳಲ್ಲಿಟ್ಟುದರಿಂದ, ನಾವು ಅರಿಯದೆಯೇ ವಿಜಾತೀಯ ವಿವಾಹದ ಅಪವಾದಕ್ಕೆ ಗುರಿಯಾದೆವು. ಕಡೆಗೆ ನನ್ನ ಹೆಸರೇ ಉಳಿಯಿತು. ಅವರು ಹೆಂಡತಿಯ ಹೆಸರಿನಲ್ಲಿ ಬಾಳುತ್ತಿದ್ದಾರೆ.

ಪ್ರಶ್ನೆ: ಆದರೆ ಗೇಟ್‌ಕೀಪರ್ ಎಂಬ ತಮ್ಮ ದಾಯಾದಿಯೂ ಹೀಗೆಯೇ ಕಾಣುವಳಲ್ಲ?

ಚಿಟ್ಟೆ: ಆಕೆ ಗಾತ್ರದಲ್ಲಿ ಕಿರಿಯಳು. ರೆಕ್ಕೆಯ ತುದಿಯ ಕರಿಗಣ್ಣಿನೊಳಗೆ ಆಕೆಗೆ ಎರಡು ಬಿಳಿಯ ಬಿಂದುಗಳು, ನನಗೆ ಸಾಮಾನ್ಯವಾಗಿ ಒಂದು. ‘ಸಾಮಾನ್ಯವಾಗಿ’ ಎಂದೆನಷ್ಟೆ, ನಮ್ಮವರಲ್ಲಿಯೂ ಕೆಲವರು ಎರಡಿಟ್ಟುಕೊಂಡು ಕೈಪಿಡಿಗಳ ಮಾನ ಕಳೆಯುವುದುಂಟು. ಹಿಂದಿನ ರೆಕ್ಕೆಯ ಅಡಿಯ ಚುಕ್ಕಿಗಳಂತೂ ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ. ಆಕ್ಸ್‌ಫರ್ಡಿನ ಇ. ಬಿ. ಫೋರ್ಡ್ ಪಂಡಿತರು ತಮ್ಮ ಸಂಗಡಿಗರೊಡನೆ 1946ರಿಂದ ಹಲವು ಬೇಸಿಗೆ ಸಿಲ್ಲಿ ದ್ವೀಪಗಳಿಗೆ ದೋಣಿಯೇರಿ ಹೋಗಿ, ಆ ಚುಕ್ಕಿಗಳನ್ನೆಣಿಸಿ, ನಿಸರ್ಗದ ಆಯ್ಕೆಯು ಕಣ್ಣೆದುರಿಗೇ ನಡೆಯುತ್ತಿರುವುದೆಂದು ಪ್ರತಿಪಾದಿಸಿದರು. ಇಷ್ಟಾದ ಮೇಲೂ ನಾನು ಸಾಮಾನ್ಯಳೇ.

ಪ್ರಶ್ನೆ: ನೆಲಗಪ್ಪೆಯ ಮೇಲೆ ಮತ್ಸರವಿದೆಯೇ?

ಚಿಟ್ಟೆ: ಅದಕ್ಕೆ ಕಾಯಿದೆಯ ರಕ್ಷಣೆಯಿದೆ, ನನಗೆ ಹುಲ್ಲಿದೆ. ಮರಿಹುಳುವಾಗಿ ಅದನ್ನೇ ಮೇಯುತ್ತ ಚಳಿಗಾಲವನ್ನು ಕಳೆದವಳು ನಾನು.

ಪ್ರಶ್ನೆ: ತಮ್ಮ ಜನಗಣತಿಯಾದರೂ ಕ್ರಮವಾಗಿ ನಡೆಯುತ್ತಿದೆಯಷ್ಟೆ?

ಚಿಟ್ಟೆ: 1976ರಿಂದ ಆ ದೇಶವ್ಯಾಪಿ ವ್ಯವಸ್ಥೆಯುಂಟು. ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ, ವಾರಕ್ಕೊಮ್ಮೆ, ಎಣಿಕೆದಾರರು ಗೊತ್ತಾದ ಹಾದಿಯಲ್ಲಿ ಮಂದಗಮನದಿಂದ ನಡೆಯುತ್ತ, ತಮ್ಮ ಮುಂದೆ 5 ಮೀಟರ್ ಅಗಲದ ಅದೃಶ್ಯ ಪೆಟ್ಟಿಗೆಯೊಂದನ್ನು ಕಲ್ಪಿಸಿಕೊಂಡು, ಅದರೊಳಗೆ ಹಾರಿದವರನ್ನು ಮಾತ್ರ ಬರೆದುಕೊಳ್ಳುತ್ತಾರೆ. ಆಚೆಗೆ ಹಾರುವವಳು ಬದುಕಿಯೂ ಇಲ್ಲದವಳು. ತಾಪಮಾನ 13 ಡಿಗ್ರಿಗಿಂತ ಇಳಿದರೆ ಅವರು ಹೊರಡರು. ಇತರ ಚಿಟ್ಟೆಗಳು ರೆಕ್ಕೆ ಮಡಿಸಿ ಕುಳಿತಿರುವ ಮೋಡದ ದಿನದಲ್ಲಿಯೂ ದುಡಿಯುವ ನಮ್ಮ ಕುಲಕ್ಕೆ ಇದೆಂತಹ ನ್ಯಾಯವೋ ಕಾಣೆ.

ಪ್ರಶ್ನೆ: ಹಾಗಾದರೆ ನಾನೇ ತಮ್ಮ ಹೆಸರನ್ನು ಬರೆದುಕೊಳ್ಳಲೇ?

ಚಿಟ್ಟೆ: ಗಡಿಯಾರವನ್ನು ನೋಡಿರಿ. ಎಣಿಕೆಯ ವೇಳೆ ಬೆಳಗಿನ 10.45ರಿಂದ ಮಧ್ಯಾಹ್ನ 3.45ರವರೆಗೆ, ಈಗ ನಾಲ್ಕು ಹೊಡೆಯಿತು. ಅಧಿಕೃತವಾಗಿ ನಾನಿಲ್ಲ. ಇಲ್ಲದವಳನ್ನು ಸಂದರ್ಶಿಸಿದಿರೆಂದು ಸಂಪಾದಕರಿಗೆ ತಿಳಿದರೆ ನಿಮ್ಮ ಸಂಭಾವನೆಗೇ ಕುತ್ತು!