ಈ ಅಪ್ರೈಸಲ್ ಒಂದು ಆಗ್ಲಿ, ಬಿಟ್ಬಿಡ್ತೀನಿ!

ಹೇಳಿ ನೋಡೋಣ, ಈ ವಾರ ಎಷ್ಟು ಸಲ ಪ್ರಾಜೆಕ್ಟ್ ಬಿಟ್ರಿ? ಸೋಮವಾರ ಸ್ಟ್ಯಾಂಡಪ್ ಮುಗೀತಿದ್ದ ಹಾಗೆ ಬಿಟ್ಟಿದ್ದು ಲೆಕ್ಕಕ್ಕಿಲ್ಲ, ಸೋಮವಾರ ಎಲ್ಲರೂ ಬಿಡ್ತಾರೆ. ಬುಧವಾರ ರಾತ್ರಿ ಕ್ಲೈಂಟ್ ಕಾಲ್ ಆದ್ಮೇಲೆ ಒಂದ್ಸಲ ಬಿಟ್ರಿ. ಗುರುವಾರ ಆಫೀಸ್ ಗೇಟಿನ ಟೀ ಗಾಡಿ ಮುಂದೆ ಗ್ಲಾಸ್ ಕುಕ್ಕಿ, ಮೂರು ಜನ ಸಾಕ್ಷಿ ಇಟ್ಕೊಂಡು ಬಿಟ್ರಿ. ಶುಕ್ರವಾರ ನೋಡಿದ್ರೆ ಜಿರಾದಲ್ಲಿ ನಿಮ್ಮ ಹೆಸರಿಗೆ ಎರಡು ಟಿಕೆಟ್ ಜಾಸ್ತಿ! (ಅದರಲ್ಲಿ ಒಂದನ್ನ ನೀವೇ ಎಳ್ಕೊಂಡಿದ್ದು. ಹೌದೋ ಅಲ್ವೋ?)

ಗಾಬರಿ ಬೇಡ, ನಾನು ಎಚ್‌ಆರ್ ಕಡೆಯವನಲ್ಲ. ಮಾನ್ಯತಾದಲ್ಲಿರಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿರಿ, ಮೈಸೂರಿನ ಹೆಬ್ಬಾಳದಲ್ಲಿರಿ, ಇಲ್ಲಿ ಆಡಿದ ಮಾತು ಇಲ್ಲೇ ಇರುತ್ತೆ. ನಿಮ್ಮ ಮ್ಯಾನೇಜರ್ ಇದನ್ನ ಓದೋ ಚಾನ್ಸ್ ಕಮ್ಮಿ. ಓದಿದ್ರೂ ಏನಂತೆ, ಪಾಪ, ಅವರೂ ಹೋದ ವಾರ ಬಿಟ್ಟವರೇ.

ನಿಮ್ಮ ಕ್ಲೈಂಟ್ ಅಂಥಿಂಥ ಕ್ಲೈಂಟಲ್ಲ, ಒಪ್ಕೊಂಡೆ. ಅಮೆರಿಕದ ಒಹಾಯೋದಲ್ಲಿ ಕೂತು, ನೀವು ಅನ್ನ ಕಲಸೋ ಹೊತ್ತಿಗೆ ಸರಿಯಾಗಿ ‘ಕ್ವಿಕ್ ಕ್ವೆಶ್ಚನ್’ ಅಂತ ಪಿಂಗ್ ಮಾಡೋ ಆಸಾಮಿ. ಬೆಳಗ್ಗೆ ಒಂದು ಜೆಂಟಲ್ ರಿಮೈಂಡರ್, ಮಧ್ಯಾಹ್ನ ಇನ್ನೊಂದು ಜೆಂಟಲ್ ರಿಮೈಂಡರ್. ಸಂಜೆ ಬರೋದ್ರಲ್ಲಿ ಜೆಂಟಲ್ ಇರಲ್ಲ, ಸಿಸಿಯಲ್ಲಿ ನಿಮ್ಮ ವಿಪಿ ಇರ್ತಾರೆ.

ಅವನು ಕೇಳೋದೆಲ್ಲ ಸಣ್ಣಪುಟ್ಟದ್ದೇ, ಅದೇ ಕಷ್ಟ. ‘ಎಕ್ಸೆಲ್ ರಿಪೋರ್ಟಿಗೆ ಒಂದೇ ಒಂದು ಕಾಲಂ ಸೇರಿಸಿ, ಡೆಲಿವರಿ ಆದ ತಾರೀಖು ಕಾಣ್ಲಿ, ಸಾಕು.’ ಅಷ್ಟೇನಾ ಅಂತ ಹೂಂ ಅಂತೀರಿ. ಆಮೇಲೆ ನೋಡಿದ್ರೆ ಆ ತಾರೀಖು ನಿಮ್ಮ ಟೇಬಲ್ಲಲ್ಲೇ ಇಲ್ಲ, ಇನ್ಯಾವುದೋ ಓಬೀರಾಯನ ಕಾಲದ ಸಿಸ್ಟಂನಲ್ಲಿದೆ. ಅದರ ಎಪಿಐ ಗೊತ್ತಿದ್ದವನು ಆಗಲೇ ಬಿಟ್ಟು ಹೋಗಿದ್ದಾನೆ. (ನೋಡಿ, ಬಿಡೋರೂ ಇದಾರೆ!)

ಹೇಗೋ ತಂದ್ರಿ ಅಂತಿಟ್ಕೊಳ್ಳಿ. ಅದು ಯುಟಿಸಿ ಟೈಮಲ್ಲಿ ಬರುತ್ತೆ. ಒಹಾಯೋದಲ್ಲಿ ರಾತ್ರಿ ಒಂಬತ್ತಕ್ಕೆ ಇಳಿಸಿದ ಮಾಲು ನಿಮ್ಮ ರಿಪೋರ್ಟಲ್ಲಿ ಮಾರನೇ ದಿನದ ಲೆಕ್ಕಕ್ಕೆ ಹೋಗುತ್ತೆ. ಅದನ್ನ ಸರಿ ಮಾಡೋಷ್ಟರಲ್ಲಿ ನಿಮ್ಮ ಟೆಸ್ಟರ್ 04/05 ಅನ್ನೋದನ್ನ ಮೇ ನಾಲ್ಕು ಅಂತ ಓದಿ ಪಾಸ್ ಮಾಡಿರ್ತಾರೆ, ಅವನಿಗೆ ಬೇಕಿದ್ದಿದ್ದು ಏಪ್ರಿಲ್ ಐದು. ಪಿ-ಒನ್ ಬಗ್ಗು! ಎಸ್ಕಲೇಷನ್! ‘ಒಂದು ಕಾಲಂಗೆ ಮೂರು ವಾರಾನಾ?’ ಅಂತ ಅವನು ಕೇಳಿದಾಗ ನೀವು ಮ್ಯೂಟಲ್ಲಿ ಅಂದಿದ್ದನ್ನ ಇಲ್ಲಿ ಅಚ್ಚು ಹಾಕೋಕಾಗಲ್ಲ.

ಇದರ ಮೇಲೆ ಗಡಿಯಾರದ ಕಾಟ ಬೇರೆ. ನವೆಂಬರ್ ಮೊದಲ ಭಾನುವಾರ ಅಮೆರಿಕದವರು ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸ್ತಾರೆ, ಬಸವನಗುಡಿಯಲ್ಲಿ ನಿಮ್ಮ ಊಟ ಒಂದು ಗಂಟೆ ಮುಂದಕ್ಕೆ ಹೋಗುತ್ತೆ. ಎಂಟೂವರೆಯ ಕ್ಲೈಂಟ್ ಕಾಲ್ ಒಂಬತ್ತೂವರೆಗೆ ಹೋಗುತ್ತೆ. ಮಾರ್ಚ್ ಎರಡನೇ ಭಾನುವಾರದವರೆಗೆ ನಿಮ್ಮ ಮನೆ ಕುಕ್ಕರ್ ಸೀಟಿ ಕೂಡ ಈಸ್ಟರ್ನ್ ಟೈಮಲ್ಲೇ ಕೂಗಬೇಕು.

ಹಾಗಾಗಿ ಭಾನುವಾರ ಕೂತು ನೀವು ಏನು ಮಾಡಿದ್ರಿ? ಹೇಳಲಾ? ಎಕ್ಸೆಲ್ ಶೀಟ್ ಮಾಡಿದ್ರಿ! ಎಡಗಡೆ ‘ಇರೋದು’, ಬಲಗಡೆ ‘ಬಿಡೋದು’. ಎದುರಿಗೆ ಕಾರಣಗಳು, ಪ್ರತಿ ಕಾರಣಕ್ಕೂ ವೇಟೇಜು, ಕೆಳಗೆ ಟೋಟಲ್, ಹಸಿರು-ಕೆಂಪು ಬಣ್ಣ ಬೇರೆ. (ಕ್ಲೈಂಟಿಗೆ ಮಾಡಿಕೊಟ್ಟ ರಿಪೋರ್ಟಿಗಿಂತ ಚೆನ್ನಾಗಿ ಬಂದಿತ್ತಂತೆ. ನಿಮ್ಮ ಮನೆಯವರೇ ಹೇಳಿದ್ರು.)

ನಾಚ್ಕೋಬೇಡಿ, ಇದು ದೊಡ್ಡವರ ಮನೆತನದ ಅಭ್ಯಾಸ. 1772ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿಗೆ ಇದೇ ತಲೆನೋವು ಬಂದಿತ್ತು. ಲೀಡ್ಸ್‌ನಲ್ಲಿದ್ದ ಪಾದ್ರಿ ಕೆಲಸ ಬಿಟ್ಟು ಲಾರ್ಡ್ ಶೆಲ್ಬರ್ನ್ ಹತ್ರ ಸೇರೋದಾ ಬೇಡ್ವಾ ಅಂತ ಬೆಂಜಮಿನ್ ಫ್ರಾಂಕ್ಲಿನ್‌ಗೆ ಕಾಗದ ಬರೆದು ಕೇಳಿದ್ರು. ಫ್ರಾಂಕ್ಲಿನ್ ಜಾಣ. ಏನು ಮಾಡಿ ಅಂತ ಹೇಳಲೇ ಇಲ್ಲ. ಹಾಳೆ ಮಧ್ಯೆ ಗೀಟು ಎಳೀರಿ, ಆ ಕಡೆ ಪರ, ಈ ಕಡೆ ವಿರೋಧ ಬರೀರಿ, ಮೂರ್ನಾಲ್ಕು ದಿನ ಯೋಚಿಸಿ, ಸಮತೂಕದವನ್ನ ಹೊಡೆದು ಹಾಕ್ತಾ ಬನ್ನಿ ಅಂತ ಬರೆದು ಕೈ ತೊಳ್ಕೊಂಡ್ರು.

ಪ್ರೀಸ್ಟ್ಲಿ ಮಾರನೇ ವರ್ಷ ಬಿಟ್ರು, ಶೆಲ್ಬರ್ನ್ ಹತ್ರ ಸೇರಿದ್ರು. 1774ರಲ್ಲಿ ಅದೇ ಲಾರ್ಡಿನ ಬಂಗಲೆಯಲ್ಲಿ ಆಕ್ಸಿಜನ್ ಹಿಡಿದ್ರು! ಈಗ ನಿಮ್ಮ ಶೀಟಿಗೆ ಬರೋಣ. ಅವರಿಗೂ ನಿಮಗೂ ಒಂದೇ ವ್ಯತ್ಯಾಸ. ಟೋಟಲ್ ‘ಬಿಡೋದು’ ಕಡೆ ಬಂದ ತಕ್ಷಣ ನೀವು ವಾಪಸ್ ಹೋಗಿ ‘ಕ್ಯಾಬ್ ಸೌಕರ್ಯ’ದ ವೇಟೇಜನ್ನ ಎರಡರಿಂದ ಎಂಟಕ್ಕೆ ಏರಿಸಿದ್ರಿ. ನೀವು ಆಫೀಸಿಗೆ ಕ್ಯಾಬಲ್ಲಿ ಹೋಗೋದೇ ಇಲ್ಲವಲ್ರೀ, ಮನೆ ಎದುರೇ ಮೆಟ್ರೋ ಇದೆ.

ಇನ್ನು ಮುಹೂರ್ತದ ವಿಷಯ. ಈ ರಿಲೀಸ್ ಆಗ್ಲಿ ಅಂತೀರಿ. ರಿಲೀಸ್ ಆಗುತ್ತೆ. ಆಷಾಢದಲ್ಲಿ ಯಾರಾದ್ರೂ ಹೊಸ ಕೆಲಸಕ್ಕೆ ಸೇರ್ತಾರಾ ಅಂತೀರಿ. (ಮಿಕ್ಕ ಹನ್ನೊಂದು ತಿಂಗಳು ಪಂಚಾಂಗದ ಮುಖ ನೋಡದವರು ನೀವು.) ಶ್ರಾವಣ ಬಂದ್ರೆ ವರಮಹಾಲಕ್ಷ್ಮಿ, ಗಣೇಶ, ದಸರಾ, ದೀಪಾವಳಿ, ಖರ್ಚಿನ ಕಾಲ, ಸಂಬಳ ನಿಲ್ಲಬಾರದು. ಡಿಸೆಂಬರಲ್ಲಿ ಕ್ಲೈಂಟ್ ರಜಾ, ಕೋಡ್ ಫ್ರೀಜು, ಹಾಯಾಗಿದೆ, ಈಗ್ಯಾಕೆ ಬಿಡೋದು? ಜನವರಿ ಬಂತು ಅಂದ್ರೆ ಅಪ್ರೈಸಲ್ ಕಣ್ಣೆದುರೇ! ಅದಾದ್ಮೇಲೆ ವೇರಿಯಬಲ್ ಪೇ. ಅಷ್ಟರಲ್ಲಿ ಮುಂದಿನ ರಿಲೀಸ್. ಬಿಡೋಕೆ ನಿಮಗೆ ಟೈಮ್ ಎಲ್ಲಿದೆ ಹೇಳಿ?

ಮ್ಯಾನೇಜರ್ ಹತ್ರ ಹೋದೆ ಅಂದ್ರಿ. ಹೋಗಿದ್ದು ನಿಜ. ಅವರು ಫಿಲ್ಟರ್ ಕಾಫಿ ಕುಡಿಸಿದ್ರು, ‘ನಿಮ್ಮ ನೋವು ನನಗರ್ಥ ಆಗುತ್ತೆ’ ಅಂದ್ರು, ‘ಇನ್ನೊಂದು ಕ್ವಾರ್ಟರ್’ ಅಂದ್ರು. ನೀವು ಕರಗಿ ನೀರಾಗಿ ಹೊರಗೆ ಬಂದ್ರಿ. ಆದ್ರೆ ಕಾಫಿ ಹಿಂದಿನ ಗಣಿತ ಗೊತ್ತಾ ನಿಮಗೆ? ಹತ್ತಿರ ಬನ್ನಿ, ಹೇಳ್ತೀನಿ.

ನಿಮ್ಮದು ಟೈಮ್ ಅಂಡ್ ಮೆಟೀರಿಯಲ್ ಪ್ರಾಜೆಕ್ಟಾದ್ರೆ ಕಂಪನಿಗೆ ಗಂಟೆ ಲೆಕ್ಕದಲ್ಲಿ ಬಿಲ್ಲು. ಕ್ಲೈಂಟ್ ಮನಸ್ಸು ಬದಲಾಯಿಸಿದಷ್ಟೂ ಗಂಟೆ ಜಾಸ್ತಿ, ಗಂಟೆ ಜಾಸ್ತಿ ಆದಷ್ಟೂ ಬಿಲ್ಲು ಜಾಸ್ತಿ. ನಿಮ್ಮ ಪಾಲಿನ ಶನಿ ನಿಮ್ಮ ಕಂಪನಿ ಪಾಲಿಗೆ ಮಹಾಲಕ್ಷ್ಮಿ. ಫಿಕ್ಸೆಡ್ ಪ್ರೈಸ್ ಆದ್ರೆ ಕಥೆ ಉಲ್ಟಾ. ಚೇಂಜ್ ರಿಕ್ವೆಸ್ಟಿಗೆ ಸಹಿ ಹಾಕಿಸದೆ ‘ಒಂದೇ ಕಾಲಂ’ ಅಂತ ಮಾಡಿಕೊಟ್ಟಿದ್ದೆಲ್ಲ ಕಂಪನಿ ಲಾಭದಲ್ಲೇ ಕಡಿತ. ಅಲ್ಲಿ ನಿಮ್ಮ ಮ್ಯಾನೇಜರ್ ಮುಖಕ್ಕೂ ಕಳೆ ಇರಲ್ಲ, ಕಾಫಿಗೂ ಸಕ್ಕರೆ ಇರಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಏಪ್ರಿಲ್‌ಗೆ ಎಲ್ಲಾ ರೆಡಿ ಅಂತ ಆ ಒಹಾಯೋ ಮನುಷ್ಯನಿಗೆ ಆಣೆ ಮಾಡಿದವರು ಯಾರು? ಅವನೇ ಕನಸು ಕಂಡನಾ? ಕೋಟು ಹಾಕ್ಕೊಂಡು ಹೋಗಿ ಸ್ಲೈಡ್ ತೋರಿಸಿದ ನಿಮ್ಮದೇ ಸೇಲ್ಸ್ ಟೀಮು! ಅವನ ಬಾಸು ದಿನಾ ಅವನ ಕುತ್ತಿಗೆ ಮೇಲೆ ಕೂತಿರ್ತಾನೆ, ಅವನು ನಿಮ್ಮ ಕುತ್ತಿಗೆ ಮೇಲೆ. ಕಷ್ಟದ ಕ್ಲೈಂಟ್ ಅಂತ ನೀವು ಬೈಯೋರಲ್ಲಿ ಅರ್ಧ ಜನ ಮಾತು ನಂಬಿ ಕೆಟ್ಟವರು ಕಣ್ರೀ.

‘ನಾನು ಬಿಟ್ರೆ ಪ್ರಾಜೆಕ್ಟ್ ಕುಸಿದು ಬೀಳುತ್ತೆ’ ಅಂತೀರಲ್ಲ, ಆ ಮಾತು ಹೇಳುವಾಗ ನಿಮ್ಮ ಮುಖ ನೋಡ್ಕೊಂಡಿದೀರಾ? ದುಃಖದಲ್ಲಿ ಹೇಳ್ತಿರೋ ಹಾಗಿರಲ್ಲ. ಪೇಮೆಂಟ್ ಮಾಡ್ಯೂಲ್ ನಿಮ್ಮೊಬ್ಬರಿಗೇ ಗೊತ್ತು, ಡಾಕ್ಯುಮೆಂಟೇಷನ್ ಬರೀರಿ ಅಂದ್ರೆ ನಿಮಗೆ ಟೈಮಿಲ್ಲ. (ಟೈಮಿಲ್ವಾ, ಮನಸ್ಸಿಲ್ವಾ?) ರಾತ್ರಿ ಹನ್ನೊಂದಕ್ಕೆ ಸರ್ವರ್ ಮಲಗಿದಾಗ ಎಲ್ಲರೂ ನಿಮ್ಮನ್ನೇ ಕೂಗ್ತಾರಲ್ಲ, ಆಗ ಗೊಣಗ್ತಾ ಗೊಣಗ್ತಾ ಲ್ಯಾಪ್‌ಟಾಪ್ ತೆಗೆಯೋ ಸುಖ ಇದ್ಯಲ್ಲ, ಅಬ್ಬಾ!

ನಿಜ ಹೇಳ್ಬೇಕು ಅಂದ್ರೆ ನೀವು ಹೋದ್ರೆ ಕುಸಿಯಲ್ಲ, ಬರೀ ತಡ ಆಗುತ್ತೆ. ಐಬಿಎಂನ ಓಎಸ್/360 ನಡೆಸಿ ಕೈ ಸುಟ್ಕೊಂಡ ಫ್ರೆಡ್ ಬ್ರೂಕ್ಸ್ 1975ರಲ್ಲೇ ಪುಸ್ತಕ ಬರೆದು ಎಚ್ಚರಿಸಿದ್ರು, ಹಿಂದೆ ಬಿದ್ದ ಪ್ರಾಜೆಕ್ಟಿಗೆ ಜನ ಸುರಿದ್ರೆ ಅದು ಇನ್ನಷ್ಟು ಹಿಂದೆ ಬೀಳುತ್ತೆ ಅಂತ. ಯಾಕಂದ್ರೆ ಹೊಸಬರಿಗೆ ಕಲಿಸೋದ್ರಲ್ಲೇ ಹಳಬರ ದಿನ ಮುಗಿಯುತ್ತೆ. ನಿಮ್ಮ ಮ್ಯಾನೇಜರ್ ಅದನ್ನ ಓದಿದಾರೆ. ಓದಿಯೂ ನಿಮಗೆ ಸಹಾಯ ಆಗ್ಲಿ ಅಂತ ನಾಲ್ಕು ಜನ ಫ್ರೆಶರ್ಸ್ ಕೊಟ್ಟಿದಾರೆ.

ಇನ್ನು, ಈ ಕ್ಲೈಂಟ್ ಇಲ್ಲದಿದ್ರೆ ನೆಂಟರ ಗೃಹಪ್ರವೇಶದಲ್ಲಿ ನೀವು ಮಾತಾಡೋದಾದ್ರೂ ಏನು? ಹೋಳಿಗೆ ಬಡಿಸೋ ಹೊತ್ತಿಗೆ ‘ನಮ್ಮ ಕ್ಲೈಂಟ್ ಒಬ್ಬ ಇದಾನೆ’ ಅಂತ ಶುರು ಮಾಡಿದ್ರೆ ಮೊಸರನ್ನದ ತನಕ ಓಡುತ್ತೆ. ಹುಬ್ಬಳ್ಳಿ ಕಡೆಯ ನಿಮ್ಮ ಷಡ್ಡಕ ಮಾತ್ರ ಎಲೆಯಿಂದ ತಲೆ ಎತ್ತದೆ, ‘ಹೋದ ವರ್ಷ ಜಾತ್ರ್ಯಾಗೂ ಇದನ್ನ ಹೇಳಿದ್ರಲ್ರೀ, ಬಿಡಾವ್ರು ಹಿಂಗ ಹೇಳ್ಕೋತ ಕೂಡಂಗಿಲ್ಲ’ ಅಂದುಬಿಟ್ಟ. ಅವತ್ತಿಂದ ಅವನ ಮೇಲೆ ನಿಮಗೆ ಸಿಟ್ಟು. ಕ್ಲೈಂಟ್ ಮೇಲಿರೋದಕ್ಕಿಂತ ಒಂದು ಕೈ ಜಾಸ್ತಿ.

ಈಗ ಒಂದೇ ಒಂದು ಪ್ರಶ್ನೆ ಕೇಳ್ತೀನಿ, ಕೋಪ ಮಾಡ್ಕೋಬಾರ್ದು. ಪ್ರಾಜೆಕ್ಟ್ ಬಿಡ್ತೀನಿ ಅಂತ ಟೀ ಗಾಡಿಯವನಿಗೆ ಹೇಳಿದೀರಿ, ಷಡ್ಡಕನಿಗೆ ಹೇಳಿದೀರಿ, ಓಲಾ ಡ್ರೈವರಿಗೂ ಹೇಳಿದೀರಿ. ಆ ಕ್ಲೈಂಟಿಗೆ ‘ಇದು ಈ ವಾರ ಆಗಲ್ಲ’ ಅಂತ ಯಾವತ್ತಾದ್ರೂ ಹೇಳಿದೀರಾ? ನೆನಪು ಮಾಡ್ಕೊಳ್ಳಿ. ನೀವು ಹೇಳಿದ್ದು ‘ಶ್ಯೂರ್, ವಿ ವಿಲ್ ಚೆಕ್ ಅಂಡ್ ಗೆಟ್ ಬ್ಯಾಕ್’. ನಮ್ಮೂರಲ್ಲಿ ‘ನೋಡೋಣ’ ಅಂದ್ರೆ ಆಗಲ್ಲ ಅಂತ ಹಸುಗೂಸಿಗೂ ಗೊತ್ತು. ಒಹಾಯೋದವನಿಗೆ ಹೇಗೆ ಗೊತ್ತಾಗ್ಬೇಕು? ಅವನು ಆಯ್ತು ಅಂತ ತಿಳ್ಕೊಂಡು ಅವನ ಬಾಸಿಗೆ ತಾರೀಖು ಕೊಟ್ಟು ಬಂದ.

ಒಂದ್ಸಲ ಹೇಳಿ ನೋಡಿ. ಕ್ಯಾಮೆರಾ ಆನ್ ಮಾಡಿ, ‘ಈ ಕಾಲಂ ಬೇಕಾದ್ರೆ ಆ ಸ್ಕ್ರೀನ್ ಮುಂದಿನ ತಿಂಗಳಿಗೆ ಹೋಗುತ್ತೆ, ಯಾವುದು ಬೇಕು?’ ಅಂತ ಕೇಳಿ. ಒಂದೆರಡು ಸೆಕೆಂಡ್ ಸದ್ದೇ ಇರಲ್ಲ, ನಿಮ್ಮ ಮ್ಯಾನೇಜರ್ ಟೀಮ್ಸಲ್ಲಿ ಬೇರೆಯಾಗಿ ನಾಲ್ಕು ಮೆಸೇಜ್ ಹಾಕ್ತಾರೆ, ನೋಡ್ಬೇಡಿ. ಮುಕ್ಕಾಲು ಪಾಲು ಕ್ಲೈಂಟ್‌ಗಳು ‘ಓಹ್, ಓಕೆ, ಸ್ಕ್ರೀನ್ ಮೊದಲು ಮಾಡಿ’ ಅಂತಾರೆ. ಆಗ ನಿಮಗೆ ಆಗೋ ನಿರಾಸೆ ಇದ್ಯಲ್ಲ, ಅದನ್ನ ನೋಡೋಕೆ ನಾನು ಅಲ್ಲಿರಬೇಕಿತ್ತು!

ಉಳಿದ ಕಾಲು ಪಾಲಿದಾರಲ್ಲ, ಅವರ ವಿಷಯ ಬೇರೆ. ಕಾಲ್‌ನಲ್ಲಿ ಫ್ರೆಶರ್ ಹುಡುಗಿಗೆ ಎಲ್ಲರೆದುರು ಉಗಿಯೋನು, ಬರೆದು ಕೊಟ್ಟಿದ್ದನ್ನೇ ಹೇಳಿಲ್ಲ ಅನ್ನೋನು, ತನ್ನ ತಪ್ಪಿಗೆ ನಿಮ್ಮ ಟೀಮಿನ ಹೆಸರು ಬರೆಯೋನು. ಇವರಿಗೆ ಎಕ್ಸೆಲ್ ಶೀಟ್ ಬೇಕಿಲ್ಲ, ಫ್ರಾಂಕ್ಲಿನ್ನೂ ಬೇಕಿಲ್ಲ, ಎಳ್ಳುನೀರು ಬಿಟ್ಟು ಎದ್ದು ಬನ್ನಿ. ಕಂಪನಿಗೆ ನಿಯತ್ತು, ಅದೂ ಇದೂ ಅಂತ ರಾಗ ಎಳೀಬೇಡಿ. ಕಂಪನಿಗಳೇ ಎದ್ದು ಬಂದಿವೆ.

ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ 2002ರಲ್ಲಿ ಎಲ್ಲ ರೋಗಿಗಳ ದಾಖಲೆಯನ್ನ ಕಂಪ್ಯೂಟರಿಗೆ ತರೋ ಭಾರೀ ಯೋಜನೆ ಹಾಕ್ಕೊಂಡಿತ್ತು. ಅಕ್ಸೆಂಚರ್‌ನಂಥ ದೈತ್ಯ ಕಂಪನಿ 2006ರ ಮಾರ್ಚಲ್ಲಿ ಅದರ ನಷ್ಟಕ್ಕೆ ಅಂತಲೇ 45 ಕೋಟಿ ಡಾಲರ್ ತೆಗೆದಿಡ್ತು, ಸೆಪ್ಟೆಂಬರಲ್ಲಿ ‘ನಮಸ್ಕಾರ’ ಅಂತು. 2008ರಲ್ಲಿ ಫುಜಿತ್ಸು ಕೂಡ ಹೊರಗೆ ಬಂತು. 2011ರಲ್ಲಿ ಸರ್ಕಾರವೇ ಯೋಜನೆ ಬಿಚ್ಚಿ ಹಾಕ್ತೀವಿ ಅಂತು. ಆ ಕಂಪನಿಗಳು ಅಷ್ಟು ಬಿಟ್ಟು ಬಂದ್ವು, ನಿಮಗೆ ಊಟದ ಕೂಪನ್ ಬಿಡೋಕಾಗಲ್ಲ.

ಸ್ವಂತವಾಗಿ ಮನೆಯಿಂದ ಕೆಲಸ ಮಾಡೋರು ನಗ್ತಿದೀರಾ? ನಿಮ್ಮ ಕ್ಲೈಂಟ್ ಜಯನಗರದಲ್ಲೇ ಇದ್ದು, ‘ಮುಂದಿನ ವಾರ ಖಂಡಿತ’ ಅಂತ ಆರು ತಿಂಗಳಿಂದ ಇನ್ವಾಯ್ಸ್ ಮೇಲೆ ಕೂತಿದಾನೆ. ಉದ್ಯಮ್ ನೋಂದಣಿ ಮಾಡಿಸಿದೀರಾ? 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ಯಮಕ್ಕೆ 45 ದಿನದೊಳಗೆ ದುಡ್ಡು ಕೊಡಬೇಕು, ತಪ್ಪಿದ್ರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದ್ರೆ ನೀವು ಕೇಳಲ್ಲ. ‘ಸಂಬಂಧ ಹಾಳಾಗುತ್ತೆ’ ಅಂತೀರಿ. ಯಾವ ಸಂಬಂಧಾರೀ, ಅವನು ನಿಮ್ಮ ಫೋನೇ ಎತ್ತಲ್ಲ!

ಸರಿ, ಪೇಪರ್ ಹಾಕಿಯೇ ಬಿಟ್ರಿ ಅಂತಿಟ್ಕೊಳ್ಳಿ. 90 ದಿನ ನೋಟಿಸ್ ಪೀರಿಯಡ್. ಆಗ ನೋಡಿ ಚೋದ್ಯ. ಆ ಕ್ಲೈಂಟ್ ಬೆಲ್ಲ ಆಗ್ತಾನೆ, ‘ಅಮೇಜಿಂಗ್ ಜಾಬ್’ ಅಂತ ಮೈಲ್ ಹಾಕ್ತಾನೆ. ನೀವು ಕೆಟಿ ಕೊಡ್ತೀರಿ, ರೆಕಾರ್ಡ್ ಆಗುತ್ತೆ, ಅದನ್ನ ಯಾರೂ ನೋಡಲ್ಲ. ಕೊನೇ ವಾರದಲ್ಲಿ ‘ಎಷ್ಟು ಬೇಕು ಹೇಳಿ, ಮ್ಯಾಚ್ ಮಾಡ್ತೀವಿ’ ಅಂತ ಎಚ್‌ಆರ್ ಕರೀತಾರೆ. ಹೊಸ ಕಂಪನಿಯವರು ಹೇಳಿರ್ತಾರೆ, ಕ್ಲೈಂಟ್ ತುಂಬಾ ಒಳ್ಳೆಯವರು ಅಂತ. (ನಿಮ್ಮನ್ನ ಇಲ್ಲಿಗೆ ಸೇರಿಸ್ಕೊಂಡಾಗಲೂ ಇದನ್ನೇ ಹೇಳಿದ್ರು, ಮರೆತ್ರಾ?)

ನಿಮ್ಮ ಡ್ರಾಫ್ಟ್ಸ್ ಫೋಲ್ಡರಲ್ಲಿ ಒಂದು ಮೈಲ್ ಇದೆ. ಸಬ್ಜೆಕ್ಟು ‘ರಿಲೀಸ್ ರಿಕ್ವೆಸ್ಟ್’. ಆರಂಭ ಚೆನ್ನಾಗಿದೆ, ಎರಡನೇ ಪ್ಯಾರಾದಲ್ಲಿ ಸ್ವಲ್ಪ ಅತ್ತಿದೀರಿ, ಅದನ್ನ ತೆಗೀರಿ. ಕಳಿಸಿ ಅಂತ ನಾನು ಹೇಳಲ್ಲ, ಬೇಡ ಅಂತಲೂ ಹೇಳಲ್ಲ. ಕಳಿಸೋದಾದ್ರೆ ಶುಕ್ರವಾರ ಸಂಜೆ ಮಾತ್ರ ಬೇಡ. ಶನಿವಾರ ನಿಮಗೆ ಭಯ ಆಗುತ್ತೆ, ಭಾನುವಾರ ರೀಕಾಲ್ ಒತ್ತುತ್ತೀರಿ. ನೂರಾರು ಮೈಲಿನ ಮಧ್ಯೆ ಕಣ್ತಪ್ಪಿ ಹೋಗ್ತಿದ್ದ ಕಾಗದವನ್ನ, ಯಾಕಪ್ಪಾ ವಾಪಸ್ ತಗೊಂಡ ಅಂತ, ಇಡೀ ಫ್ಲೋರ್ ಹುಡುಕಿ ಓದುತ್ತೆ.