ಹೊಳೆಯಿಲ್ಲದ ಊರಿನ ಅಂಬಿಗ

ಹಿಂದೆ ವಡಿಗೇನಹಳ್ಳಿ ಎನಿಸಿಕೊಂಡಿದ್ದ ದೇವನಹಳ್ಳಿ ತಾಲ್ಲೂಕಿನ ವಿಜಯಪುರದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಯಿದೆ, ಸುತ್ತ ದ್ರಾಕ್ಷಿ ತೋಟಗಳಿವೆ, ಹರಿಯುವ ಹೊಳೆ ಮಾತ್ರ ಇಲ್ಲ. ಕಂಡಕಂಡವರನ್ನೆಲ್ಲ ಹೊಳೆಗಿಳಿಸಲು ಪಣತೊಟ್ಟ ಮಾನವವರ್ಗವೊಂದು ಇಲ್ಲಿ ಕಾಣಸಿಗುವುದಕ್ಕೆ ಬಹುಶಃ ಇದೇ ಕಾರಣ. ಈ ವರ್ಗದವನು ಬಿಳಿನೀರಿಗೆ, ಅಂದರೆ ಬಂಡೆಗಳ ನಡುವಿನ ಇಳಿಜಾರಿನಲ್ಲಿ ನುಗ್ಗಿ ನೊರೆಯೇಳುವ ನೀರಿಗೆ, ಮನಸೋತವನು. ಗಣೇಶಗುಡಿಯಲ್ಲಿ ಕಾಳಿಯನ್ನೂ ಮಳೆಗಾಲದ ಕೊಡಗಿನಲ್ಲಿ ಬರಪೊಳೆಯನ್ನೂ ಕಂಡುಬಂದ ಮೇಲೆ ಮೊದಲಿನಂತಾಗದವನು.

ಮಂಡಿಯೂರಿ ಕುಳಿತು ಒಂದೇ ಅಲಗಿನ ಹುಟ್ಟು ಹಾಕುವುದು ಕೆನೂ, ಕಾಲು ಚಾಚಿ ಕುಳಿತು ಎರಡು ತುದಿಗೂ ಅಲಗಿರುವ ಹುಟ್ಟು ಹಾಕುವುದು ಕಯಾಕ್. ಎರಡನ್ನೂ ಸೇರಿಸಿ 'ತೆಪ್ಪ' ಎಂದವರಿಗೆ ಈತನಲ್ಲಿ ಕ್ಷಮೆಯಿಲ್ಲ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಸೇರಿದ ಬಿಳಿನೀರಿನ ಸ್ಲಾಲಮ್ ಸ್ಪರ್ಧೆ 1992ರ ಬಾರ್ಸಿಲೋನಾದವರೆಗೆ ಮರಳದಿದ್ದುದನ್ನು ಈತ ದಾಯಾದಿಗಳ ಆಸ್ತಿ ವ್ಯಾಜ್ಯವೆಂಬಂತೆ ನೊಂದು ವಿವರಿಸುತ್ತಾನೆ. ನದಿಯ ರಭಸವನ್ನು ಅಳೆಯುವ ಆರು ದರ್ಜೆಗಳಿಂದಲೇ ಲೋಕವನ್ನೂ ಅಳೆಯುವ ಈತನ ಪ್ರಕಾರ ಸಂಜೆಯ ಬಸ್ ನಿಲ್ದಾಣ ಮೂರನೆಯ ದರ್ಜೆ, ಮಾವನ ಮನೆ ಐದನೆಯದು.

ಇವೆಲ್ಲ ಸಹ್ಯ, ಅಸಹ್ಯವಾದುದು ರೋಲ್ ಪಾಠ. ಮಗುಚಿದ ಕಯಾಕಿನಿಂದ ಹೊರಬೀಳದೆ, ಹುಟ್ಟನ್ನು ನೀರಿನ ಮೇಲೆ ಬೀಸಿ, ಸೊಂಟವನ್ನು ತಿರುವಿ ಮತ್ತೆ ನೆಟ್ಟಗಾಗುವ ವಿದ್ಯೆಯೇ ರೋಲ್. ಇದನ್ನು ಬೋಧಿಸಲು ಈತನಿಗೆ ನೀರು ಬೇಕಿಲ್ಲ, ಒಬ್ಬ ದಾಕ್ಷಿಣ್ಯಸ್ಥ ಸಾಕು. ನಾಮಕರಣವೊಂದರ ಮಧ್ಯಾಹ್ನ, ಮೂರು ಒಬ್ಬಟ್ಟು ಮುಗಿಸಿದ್ದ, ಈಜು ಬಾರದ, ತಲೆಗೆ ನೀರು ಹೊಯ್ದುಕೊಳ್ಳುವಾಗಲೂ ಕಣ್ಣು ಮುಚ್ಚುವ ಪ್ರಬಂಧಕಾರನೊಬ್ಬನನ್ನು (ಹೆಸರು ಬೇಡ) ಚಾಪೆಯ ಮೇಲೆ ಕೂರಿಸಿ, ಸೊಂಟಕ್ಕೆ ಟವೆಲ್ ಬಿಗಿದು, ಕೈಗೆ ದೋಟಿ ಕೊಟ್ಟು, ಗೋಡೆಗೆ ಒರಗಿಸಿದ್ದ ಚಂದ್ರಿಕೆಯನ್ನು, ಎಂದರೆ ರೇಷ್ಮೆಹುಳು ಗೂಡು ಕಟ್ಟಲೆಂದು ಬಿದಿರಿನ ಪಟ್ಟಿಯನ್ನು ಸುರುಳಿ ಸುತ್ತಿದ ತಟ್ಟಿಯನ್ನು, ಸುಳಿಯೆಂದು ತೋರಿಸಿ, "ಹೆದರ್ಬೇಡಿ ಸಾರ್, ತಲೆ ಮಾತ್ರ ಕೊನೇಗೆ ಎತ್ತಿ" ಎನ್ನುತ್ತ ಪಕ್ಕಕ್ಕೆ ಉರುಳಿಸಲಾಯಿತು. ಜೀವಮಾನವಿಡೀ ತಲೆಯನ್ನೇ ಮೊದಲು ಎತ್ತಿ ಅನ್ನ ತಿಂದ ಆ ಬಡಪಾಯಿ ಅದನ್ನೇ ಮಾಡಿದ, ಸೊಂಟ ಹಿಡಿಯಿತು, ಬಾಣಂತಿಯೂ ನಕ್ಕಳು. ಗುರು ಮಾತ್ರ ನಗದೆ, ನೀರಿಗೆ ಬಿದ್ದರೆ ಎದ್ದು ನಿಲ್ಲಬಾರದು, ಪಾದ ಬಂಡೆಗಳ ಸಂದಿಗೆ ಸಿಕ್ಕೀತು, ಅಂಗಾತ ತೇಲುತ್ತ ಕಾಲನ್ನು ನೀರು ಹರಿಯುವ ಕಡೆಗೆ ಚಾಚಬೇಕು ಎಂದು ಮುಂದಿನ ಅಧ್ಯಾಯ ತೆರೆದ.

ಆದರೂ ಈತನನ್ನು ದ್ವೇಷಿಸುವುದು ಕಷ್ಟ. ಅರ್ಕಾವತಿಯೂ ದಕ್ಷಿಣ ಪಿನಾಕಿನಿಯೂ ಹುಟ್ಟುವ ನಂದಿಬೆಟ್ಟ ಇಲ್ಲಿಂದ ದೂರವೇನಲ್ಲ, ಆದರೆ ಅವುಗಳ ಪಾತ್ರದಲ್ಲಿ ನೀರಿಗಿಂತ ಜಾಲಿಯೇ ಹೆಚ್ಚು. ಸಾವಿರ ಅಡಿ ದಾಟಿದ ಕೊಳವೆಬಾವಿಗಳ ಈ ಸೀಮೆಯಲ್ಲಿ ನೀರೆಂದರೆ ಮೇಲಕ್ಕೆ ಎತ್ತುವ ವಸ್ತು, ಇಲ್ಲವೆ ಟ್ಯಾಂಕರಿನಲ್ಲಿ ಬರುವ ವಸ್ತು. ಅದು ತಾನಾಗಿ ಎಲ್ಲಿಗೋ ಅವಸರದಿಂದ ಹೋಗಬಲ್ಲದೆಂಬುದು ಮಕ್ಕಳಿಗೆ ಸುದ್ದಿ. ಅಪರೂಪಕ್ಕೆ ಕೆರೆ ಕೋಡಿ ಹರಿದ ರಾತ್ರಿ ಈತ ಟಾರ್ಚ್ ಹಿಡಿದು ಅಲ್ಲಿ ನಿಂತಿರುತ್ತಾನೆ, ಯಾರಿಗೂ ಏನನ್ನೂ ಬೋಧಿಸದೆ.

ಸೂಪಾ ಅಣೆಕಟ್ಟಿನಿಂದ ನೀರು ಬಿಟ್ಟಾಗಷ್ಟೇ ಕಾಳಿ ರಭಸವಾಗುವುದರಿಂದ ಮುಂದಿನ ಪ್ರವಾಸದ ದಿನವಿನ್ನೂ ಗೊತ್ತಾಗಿಲ್ಲ. ಪಟ್ಟಿಯಲ್ಲಿ ಹನ್ನೊಂದು ಹೆಸರುಗಳಿವೆ. ಕೊನೆಯದು ಆ ಪ್ರಬಂಧಕಾರನದು, ಅದರ ಮುಂದೆ 'ಈಜು ಬರುತ್ತದೆಯೇ' ಎಂಬಲ್ಲಿ, ಬೇರೆಯವರ ಅಕ್ಷರದಲ್ಲಿ, 'ಕಲಿಸೋಣ' ಎಂದಿದೆ.